ದಯೆ ಚಿಗುರದ ಮನಸ್ಸು: ಸಮಾಜವಿರೋಧಿ ವ್ಯಕ್ತಿತ್ವ ಮತ್ತು ಹಿಂಸೆ

ದಿನಪತ್ರಿಕೆಯನ್ನು ಬಿಡಿಸಿದೊಡನೆ ಕಣ್ಣಿಗೆ ಬೀಳುವ ಸುದ್ದಿಗಳಲ್ಲಿ ಒಂದಾದರೂ ಕ್ರೌರ್ಯದ ಸುದ್ದಿಯಾಗಿರುತ್ತದೆ. ಹೆತ್ತ ತಾಯಿಯ ಮೇಲೆ ಕೈಯೆತ್ತಿದ ಮಗ, ನಂಬಿ ಬಂದವಳನ್ನು ಕೊಂದ ಗಂಡು, ಅಲ್ಪ ಹಣಕ್ಕಾಗಿ ಗೆಳೆಯನ ಪ್ರಾಣ ತೆಗೆದ ತರುಣ. ಇಂಥದನ್ನು ಓದಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಅವನಿಗೆ ಹುಚ್ಚು ಹಿಡಿದಿರಬೇಕು" ಎಂಬುದು ಒಂದು. "ಅವನು ಮನುಷ್ಯನೇ ಅಲ್ಲ, ರಾಕ್ಷಸ" ಎಂಬುದು ಇನ್ನೊಂದು. ವೈದ್ಯವೃತ್ತಿಯಲ್ಲಿರುವ ನಮಗೆ ಈ ಎರಡು ಮಾತುಗಳಿಂದಲೂ ಹಾನಿಯೇ ಹೆಚ್ಚೆಂದು ತೋರುತ್ತದೆ. ಮೊದಲನೆಯ ಮಾತು, ಯಾರಿಗೂ ಕೇಡೆಣಿಸದ ಸಾವಿರಾರು ಮನೋರೋಗಿಗಳ ಮೇಲೆ ಕಳಂಕ ಹೊರಿಸುತ್ತದೆ. ಎರಡನೆಯದು, ನಮ್ಮ ಮನೆಯಂಗಳದಲ್ಲಿಯೇ ಮೊಳೆತು ಬೆಳೆಯುವ ದೋಷವೊಂದು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಆ ದೋಷದ ಹೆಸರು ಸಮಾಜವಿರೋಧಿ ವ್ಯಕ್ತಿತ್ವ ದೋಷ. ಈ ಸಂಚಿಕೆಯಲ್ಲಿ ಅದನ್ನು ಕುರಿತು ಸದ್ಭಕ್ತರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ನಮ್ಮಿಂದಾದ ಒಂದು ಲೋಪವನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುವುದು ಸರಿಯೆನಿಸುತ್ತದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ.

ಎರಡು ದಶಕಗಳಿಗೂ ಹಿಂದಿನ ಮಾತು. ಭದ್ರಾವತಿಯಿಂದ ಒಬ್ಬ ತಾಯಿ ತನ್ನ ಹನ್ನೊಂದು ವರ್ಷದ ಮಗನನ್ನು ಶಿವಮೊಗ್ಗದ ಕೋಟೆಯಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. "ಡಾಕ್ಟ್ರೇ, ಹುಡುಗನಿಗೆ ಪಿತ್ತ ಜಾಸ್ತಿ, ತಲೆ ಕಾವು, ಎಲ್ಲದಕ್ಕೂ ಸಿಟ್ಟು" ಎಂದರು. ಹುಡುಗ ಲಕ್ಷಣವಾಗಿದ್ದ. ಕೇಳಿದ ಪ್ರಶ್ನೆಗೆ ನಗುತ್ತಲೇ ಉತ್ತರ ಕೊಡುತ್ತಿದ್ದ. ಮಾತಿನ ನಡುವೆ ತಾಯಿ, ಅವನು ಬೀದಿಯ ನಾಯಿಮರಿಯೊಂದನ್ನು ಗೋಣಿಚೀಲದಲ್ಲಿ ಕಟ್ಟಿ ಹೊಡೆದ ಸಂಗತಿಯನ್ನು ಹೇಳಿದರು. "ಯಾಕಪ್ಪಾ ಹಾಗೆ ಮಾಡಿದೆ?" ಎಂದು ಕೇಳಿದೆವು. "ಸುಮ್ನೆ" ಎಂದ. ಆ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಅಂಜಿಕೆಯೂ ಇರಲಿಲ್ಲ. ನಾವು ತಲೆಗೆ ಬ್ರಾಹ್ಮೀ ತೈಲ, ಹೊಟ್ಟೆಗೆ ಸಾರಸ್ವತಾರಿಷ್ಟ ಬರೆದುಕೊಟ್ಟು, ಖಾರ ಹುಳಿ ಕಡಿಮೆ ಮಾಡಿ ಎಂದು ಹೇಳಿ, "ವಯಸ್ಸಿನ ತುಂಟತನ, ದೊಡ್ಡವನಾದಂತೆ ಸರಿಹೋಗುತ್ತಾನೆ" ಎಂದು ಸಮಾಧಾನಪಡಿಸಿ ಕಳುಹಿಸಿದೆವು.

ಹತ್ತು ಹನ್ನೆರಡು ವರ್ಷಗಳ ಅನಂತರ ಅದೇ ತಾಯಿ ಒಬ್ಬರೇ ಬಂದರು. ಬಲ ಮುಂಗೈಯ ಮೂಳೆ ಮುರಿದು ಸರಿಯಾಗಿ ಕೂಡಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದರು. ತೈಲ ಹಚ್ಚಿ ಕಟ್ಟುತ್ತಿರುವಾಗ ಇನ್ನೊಂದು ಕೈಯಲ್ಲಿ ಬೆರಳಚ್ಚಿನಂತೆ ಮೂಡಿದ್ದ ಕಪ್ಪು ಕಲೆಗಳು ಕಂಡವು. ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಅವರು ಹೇಳಿದ ಮಾತು ಇಷ್ಟೇ: "ನೀವು ಸರಿಹೋಗ್ತಾನೆ ಅಂದಿದ್ರಿ."

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿ ತಿಳಿಯಲು ತೊಡಗಿದೆವು. ಈ ಲೇಖನ ಆ ಓದಿನ ಫಲ.

ಇದು ಹುಚ್ಚಲ್ಲ

ಉನ್ಮಾದ ಹಿಡಿದ ರೋಗಿಗೆ ಇಲ್ಲದ ದನಿಗಳು ಕೇಳಿಸಬಹುದು, ಇಲ್ಲದ ಶತ್ರುಗಳು ಕಾಣಿಸಬಹುದು. ಸಮಾಜವಿರೋಧಿ ವ್ಯಕ್ತಿತ್ವದವನಿಗೆ ಅಂಥ ಭ್ರಮೆಯಿಲ್ಲ. ಅವನ ಬುದ್ಧಿ ಸ್ಪಷ್ಟವಾಗಿರುತ್ತದೆ, ನೆನಪು ಗಟ್ಟಿಯಾಗಿರುತ್ತದೆ, ಮಾತು ಹಲವು ವೇಳೆ ಸೊಗಸಾಗಿಯೇ ಇರುತ್ತದೆ. ಇನ್ನೊಬ್ಬರ ನೋವು ಮಾತ್ರ ಅವನ ಎದೆಗೆ ತಾಗುವುದಿಲ್ಲ.

ಪಾಶ್ಚಾತ್ಯ ವೈದ್ಯರು ಇದನ್ನು ಗುರುತಿಸಿ ಇನ್ನೂರು ವರ್ಷಗಳಿಗೂ ಹೆಚ್ಚಾಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫಿಲಿಪ್ ಪಿನೆಲ್, ಬುದ್ಧಿಭ್ರಮೆಯಿಲ್ಲದೆಯೂ ಹಿಂಸೆಗೆ ಇಳಿಯುವ ರೋಗಿಗಳನ್ನು ವರ್ಣಿಸಿದನು. 1835ರಲ್ಲಿ ಇಂಗ್ಲೆಂಡಿನ ಪ್ರಿಚರ್ಡ್, ಇದನ್ನು ನೀತಿಭಾವದ ವಿಕಾರವೆಂದು ಕರೆದನು. 1941ರಲ್ಲಿ ಅಮೆರಿಕದ ಮನೋವೈದ್ಯ ಹರ್ವಿ ಕ್ಲೆಕ್ಲಿ ಇಂಥವರ ಬಗ್ಗೆ ಗ್ರಂಥವನ್ನೇ ಬರೆದು, ಇವರು ಆರೋಗ್ಯವಂತರ ಮುಖವಾಡ ಧರಿಸಿ ಸಮಾಜದಲ್ಲಿ ಓಡಾಡುತ್ತಾರೆಂದು ತೋರಿಸಿದನು. 1980ರಿಂದ ಈಚೆಗೆ ಇದು ಸಮಾಜವಿರೋಧಿ ವ್ಯಕ್ತಿತ್ವ ದೋಷ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯಲ್ಲಿದೆ.

ಈಗಿನ ಮನೋವೈದ್ಯರು ಇದಕ್ಕೆ ಏಳು ಲಕ್ಷಣಗಳನ್ನು ಹೇಳುತ್ತಾರೆ.

1. ಕಾನೂನನ್ನು ಮತ್ತೆಮತ್ತೆ ಮೀರುವುದು.
2. ಸುಳ್ಳು, ಮೋಸ, ಸ್ವಾರ್ಥಕ್ಕಾಗಿ ಇತರರನ್ನು ಬಳಸಿಕೊಳ್ಳುವುದು.
3. ಮುಂದಾಲೋಚನೆಯಿಲ್ಲದೆ ದುಡುಕುವುದು.
4. ಕೆರಳುವುದು, ಪದೇಪದೇ ಹೊಡೆದಾಟಕ್ಕೆ ಇಳಿಯುವುದು.
5. ತನ್ನ ಮತ್ತು ಇತರರ ಪ್ರಾಣದ ಬಗ್ಗೆ ಲಕ್ಷ್ಯವಿಲ್ಲದಿರುವುದು.
6. ದುಡಿಮೆ, ಸಾಲ, ಸಂಸಾರ ಯಾವುದರಲ್ಲಿಯೂ ಹೊಣೆ ಹೊರದಿರುವುದು.
7. ಮಾಡಿದ ತಪ್ಪಿಗೆ ಪಶ್ಚಾತ್ತಾಪವಿಲ್ಲದಿರುವುದು.

ಇವುಗಳಲ್ಲಿ ಮೂರಾದರೂ ಹದಿನೈದನೆಯ ವಯಸ್ಸಿನಿಂದ ನಿರಂತರವಾಗಿ ಇರಬೇಕು. ಹದಿನೈದು ತುಂಬುವ ಮೊದಲೇ ನಡತೆಯ ದೋಷದ ಕುರುಹುಗಳು ಕಂಡಿರಬೇಕು. ಹದಿನೆಂಟು ತುಂಬುವವರೆಗೆ ಯಾರಿಗೂ ಈ ಹೆಸರನ್ನು ಅಂಟಿಸಬಾರದು. ಈ ಕೊನೆಯ ನಿಯಮವನ್ನು ಓದುಗರು ಚೆನ್ನಾಗಿ ನೆನಪಿಡಬೇಕು. ಒಮ್ಮೆ ಸುಳ್ಳು ಹೇಳಿದ, ಒಮ್ಮೆ ಜಗಳವಾಡಿದ ಮಗುವಿಗೆ ಹಣೆಪಟ್ಟಿ ಕಟ್ಟುವುದು ಮಹಾಪರಾಧ. ಹಾಗೆಯೇ, ಕೋಪಿಷ್ಠರೆಲ್ಲ ಸಮಾಜವಿರೋಧಿಗಳೂ ಅಲ್ಲ. ಕೋಪ ಬಂದು ಕೂಗಾಡಿ, ಸಂಜೆಗೆ ಕಣ್ಣೀರಿಟ್ಟು ಕ್ಷಮೆ ಬೇಡುವವನ ಎದೆಯಲ್ಲಿ ದಯೆಯ ಒರತೆ ಇನ್ನೂ ಬತ್ತಿಲ್ಲ ಎಂದು ತಿಳಿಯಬೇಕು.

ಚರಕಾಚಾರ್ಯರ ದೃಷ್ಟಿ

"ರಾಕ್ಷಸ" ಎಂಬ ಮಾತನ್ನು ಮೇಲೆ ಪ್ರಸ್ತಾಪಿಸಿದೆವು. ಆಯುರ್ವೇದವೂ ಈ ಪದವನ್ನು ಬಳಸುತ್ತದೆ. ಆದರೆ ಅಲ್ಲಿ ಅದು ಮನುಷ್ಯನದೇ ಒಂದು ಮನೋಧರ್ಮದ ಹೆಸರು. ಚರಕ ಸಂಹಿತೆಯ ಶಾರೀರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಮನುಷ್ಯರ ಮನಸ್ಸನ್ನು ಹದಿನಾರು ಬಗೆಯಾಗಿ ವಿಂಗಡಿಸಲಾಗಿದೆ: ಸಾತ್ತ್ವಿಕ ಏಳು, ರಾಜಸ ಆರು, ತಾಮಸ ಮೂರು. ರಾಜಸ ವರ್ಗದ ಮೊದಲೆರಡು ಆಸುರ ಮತ್ತು ರಾಕ್ಷಸ ಸತ್ತ್ವಗಳು. ಆಸುರ ಸತ್ತ್ವದವನು ಶೂರ, ಉಗ್ರ, ಪರರ ಏಳಿಗೆಯನ್ನು ಸಹಿಸದವನು, ಕಪಟಿ, ತನ್ನನ್ನು ತಾನೇ ಪೂಜಿಸಿಕೊಳ್ಳುವವನು ಮತ್ತು ಅನುಕ್ರೋಶವಿಲ್ಲದವನು. ಅನುಕ್ರೋಶವೆಂದರೆ ಇನ್ನೊಬ್ಬರ ಅಳುವಿಗೆ ತಾನೂ ಅಳುವ ಗುಣ, ಅನುಕಂಪೆ. ರಾಕ್ಷಸ ಸತ್ತ್ವದವನು ಕೋಪವನ್ನು ಬಹುಕಾಲ ಹೊತ್ತು ತಿರುಗುವವನು, ಎದುರಾಳಿಯ ದುರ್ಬಲ ಸ್ಥಾನ ನೋಡಿ ಹೊಡೆಯುವವನು, ಕ್ರೂರಿ. ಆಧುನಿಕರ ಏಳು ಲಕ್ಷಣಗಳನ್ನೂ ಈ ವರ್ಣನೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ವೈದ್ಯನ ಕಣ್ಣು ಎಲ್ಲ ಕಾಲದಲ್ಲಿಯೂ ಒಂದೇ ಬಗೆಯ ಮನುಷ್ಯನನ್ನು ಕಂಡಿದೆ ಎನಿಸುತ್ತದೆ.

ಚರಕರು ಉನ್ಮಾದವನ್ನು ಬೇರೆಯಾಗಿಯೇ ಇಟ್ಟಿದ್ದಾರೆಂಬುದು ಗಮನಾರ್ಹ. ಉನ್ಮಾದದಲ್ಲಿ ಮನಸ್ಸು, ಬುದ್ಧಿ, ಅರಿವು, ಸ್ಮೃತಿಗಳೇ ಕದಡುತ್ತವೆ. ಇಲ್ಲಿ ಅವು ನೆಟ್ಟಗಿದ್ದು, ಶೀಲ ಮತ್ತು ಆಚಾರಗಳು ಮಾತ್ರ ಕೆಟ್ಟಿರುತ್ತವೆ.

ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ಇನ್ನೊಂದು ಉಪಯುಕ್ತ ವಿಚಾರವಿದೆ. ಮಲ, ಮೂತ್ರ, ಸೀನು, ಹಸಿವೆ, ನಿದ್ರೆ ಮೊದಲಾದ ವೇಗಗಳನ್ನು ತಡೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ಅದೇ ಅಧ್ಯಾಯ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಲೋಭ, ಕ್ರೋಧ, ಅಹಂಕಾರ, ನಿರ್ಲಜ್ಜತೆ, ಈರ್ಷ್ಯೆಗಳು ಮನಸ್ಸಿನವು. ಬಿರುನುಡಿ, ಚಾಡಿ, ಸುಳ್ಳುಗಳು ಮಾತಿನವು. ಪರಪೀಡೆ, ಕಳವು, ಹಿಂಸೆಗಳು ದೇಹದವು. ಇವುಗಳನ್ನು ಧಾರಣೀಯ ವೇಗಗಳು ಎನ್ನುತ್ತಾರೆ. ಹಿಂಸೆಯನ್ನು ಒಂದು ವೇಗವೆಂದು, ತಡೆಹಿಡಿಯಲು ಕಲಿಸಬಹುದಾದ ಒತ್ತಡವೆಂದು ಶಾಸ್ತ್ರವು ಕಂಡಿದೆ. ಮಗುವಿಗೆ ಮೂತ್ರ ಬಂದಾಗ ಎಲ್ಲಿ ಹೋಗಬೇಕೆಂದು ಕಲಿಸುವ ತಾಯಿಯೇ, ಕೈಯೆತ್ತಬೇಕೆನಿಸಿದಾಗ ಹೇಗೆ ತಡೆದುಕೊಳ್ಳಬೇಕೆಂಬುದನ್ನೂ ಕಲಿಸಬೇಕು.

ನಮ್ಮ ಮಕ್ಕಳು ಬಾಯಿಪಾಠ ಮಾಡುವ ವಚನದಲ್ಲಿ ಬಸವಣ್ಣನವರು ಶುದ್ಧಿಗಾಗಿ ಹೇಳಿದ ಏಳು ನಿಷೇಧಗಳನ್ನು ಸದ್ಭಕ್ತರು ಬಲ್ಲರು. ಕಳವು, ಕೊಲೆ, ಸುಳ್ಳು, ಕೋಪಗಳಿಂದ ಹಿಡಿದು ತನ್ನನ್ನು ಬಣ್ಣಿಸಿಕೊಳ್ಳುವ ಚಟದವರೆಗೆ ಅಲ್ಲಿರುವುದೆಲ್ಲ ಇದೇ ಧಾರಣೀಯ ವೇಗಗಳ ಪಟ್ಟಿ. ಪ್ರಾರ್ಥನೆಯಲ್ಲಿ ಅದನ್ನು ಹಾಡಿಸುವುದರ ಜೊತೆಗೆ, ಮನೆಯಲ್ಲಿ ಅದನ್ನು ಅಭ್ಯಾಸ ಮಾಡಿಸುತ್ತಿದ್ದೇವೆಯೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಹಿಂಸೆಯೊಡನೆ ಇರುವ ನಂಟು

ಈ ದೋಷವುಳ್ಳವರೆಲ್ಲ ಕೊಲೆಗಾರರಾಗುವುದಿಲ್ಲ. ಸಮಾಜದಲ್ಲಿ ನೂರಕ್ಕೆ ಒಂದರಿಂದ ನಾಲ್ಕು ಜನರಲ್ಲಿ ಈ ದೋಷವಿರಬಹುದೆಂದು ಬೇರೆಬೇರೆ ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಇವರಲ್ಲಿ ಬಹುಮಂದಿ ಸಾಲ ಮಾಡಿ ತಲೆತಪ್ಪಿಸಿಕೊಳ್ಳುವವರು, ಹೆಂಡತಿಯನ್ನು ಹಿಂಸಿಸುವವರು, ಮಾತಿನಿಂದ ಮರುಳು ಮಾಡಿ ದೋಚುವವರು. ಆದರೆ ಸೆರೆಮನೆಗಳನ್ನು ನೋಡಿದರೆ ಚಿತ್ರ ಬೇರೆ. 12 ದೇಶಗಳ ಸುಮಾರು 23,000 ಕೈದಿಗಳ ಬಗೆಗಿನ 62 ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಡು ಕೈದಿಗಳಲ್ಲಿ ಶೇಕಡಾ 47 ಮಂದಿಗೆ, ಹೆಣ್ಣು ಕೈದಿಗಳಲ್ಲಿ ಶೇಕಡಾ 21 ಮಂದಿಗೆ ಈ ದೋಷವಿತ್ತು. ಹುಚ್ಚೆಂದು ಜನ ಕರೆಯುವ ತೀವ್ರ ಮನೋರೋಗಗಳಿದ್ದವರು ಅವರಲ್ಲಿ ಕೆಲವೇ ಮಂದಿ.

ಹಿಂಸೆಯಲ್ಲಿ ಎರಡು ಬಗೆಯನ್ನು ಗುರುತಿಸಬೇಕು. ಒಂದು ಬಿಸಿ ಹಿಂಸೆ. ಅವಮಾನವೋ ಹೆದರಿಕೆಯೋ ಆದಾಗ ಭುಗಿಲೆದ್ದು ಹೊಡೆಯುವುದು. ಇನ್ನೊಂದು ತಣ್ಣನೆಯ ಹಿಂಸೆ. ಲಾಭಕ್ಕಾಗಿ ಯೋಚಿಸಿ, ಯೋಜಿಸಿ, ಎದೆಬಡಿತ ಏರದೆಯೇ ಮಾಡುವುದು. ಸಮಾಜವಿರೋಧಿ ವ್ಯಕ್ತಿತ್ವದ ಹಲವರಲ್ಲಿ ಮೊದಲನೆಯದು ಇರುತ್ತದೆ. ದಯೆಯ ಲೇಶವೂ ಇಲ್ಲದ ಕೆಲವರಲ್ಲಿ ಎರಡೂ ಇರುತ್ತವೆ.

ಎರಡನೆಯ ಬಗೆಗೆ ನಮ್ಮ ನಾಡಿನಲ್ಲಿಯೇ ದಾರುಣವಾದ ಉದಾಹರಣೆಯಿದೆ. ದಕ್ಷಿಣ ಕನ್ನಡ ಜಿಲ್ಲೆಯ ಮೋಹನ್ ಕುಮಾರ್ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. 2003ರಿಂದ 2009ರವರೆಗೆ, ವರದಕ್ಷಿಣೆ ಕೊಡಲಾಗದೆ ಮದುವೆಯಾಗದೆ ಉಳಿದಿದ್ದ ಬಡ ಹೆಣ್ಣುಮಕ್ಕಳನ್ನು ಪರಿಚಯ ಮಾಡಿಕೊಂಡು, ವಿವಾಹದ ಆಸೆ ತೋರಿಸಿ, ದೂರದ ಊರುಗಳ ವಸತಿಗೃಹಗಳಿಗೆ ಕರೆದೊಯ್ಯುತ್ತಿದ್ದ. ಮರುದಿನ, ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ಗರ್ಭ ನಿಲ್ಲದಿರಲು ಔಷಧವೆಂದು ಹೇಳಿ ಸೈನೈಡ್ ಗುಳಿಗೆಯನ್ನು ಕೊಡುತ್ತಿದ್ದ. ಬಸ್ ನಿಲ್ದಾಣದ ಶೌಚಾಲಯಕ್ಕೆ ಹೋಗಿ ಅದನ್ನು ನುಂಗಬೇಕೆಂದು ಹೇಳಿ ತಾನು ಒಡವೆಗಳೊಂದಿಗೆ ಕಣ್ಮರೆಯಾಗುತ್ತಿದ್ದ. ಹೆಣಗಳು ಮಡಿಕೇರಿ, ಮೈಸೂರು ಮೊದಲಾದ ಊರುಗಳ ಬಸ್ ನಿಲ್ದಾಣಗಳಲ್ಲಿ ಗುರುತಿಲ್ಲದೆ ಬಿದ್ದಿರುತ್ತಿದ್ದವು. 2009ರಲ್ಲಿ ಅವನ ಬಂಧನವಾಯಿತು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ವಿಧಿಸಿತು. 2017ರಲ್ಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ ಹೆಣ್ಣುಮಗಳ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಅವನಿಗೆ ಯಾವ ದೋಷವಿದೆಯೆಂದು ಪರೀಕ್ಷಿಸದೆ ಹೇಳುವುದು ವೈದ್ಯಧರ್ಮವಲ್ಲ. ಆದರೆ ಅವನ ಕೃತ್ಯಗಳ ರೀತಿ ನಮಗೆ ಪಾಠ ಕಲಿಸುತ್ತದೆ. ಎಲ್ಲಿಯೂ ಆವೇಶವಿಲ್ಲ, ಕೂಗಾಟವಿಲ್ಲ. ಮೃದುವಾದ ಮಾತು, ಸಭ್ಯ ಉಡುಪು, ಗೌರವದ ಉದ್ಯೋಗ. ಅಪಾಯವು ಕೆಂಗಣ್ಣು ಬಿಟ್ಟುಕೊಂಡೇ ಬರುತ್ತದೆಂದು ನಂಬಿದವರು ಮೋಸಹೋಗುತ್ತಾರೆ. ಇನ್ನೂ ಒಂದು ಪಾಠವುಂಟು. ಆ ಹೆಣ್ಣುಮಕ್ಕಳನ್ನು ಅವನ ಬಲೆಗೆ ತಳ್ಳಿದ್ದು ವರದಕ್ಷಿಣೆಯ ಪಿಡುಗು. ಓಡಿಹೋಗಿರಬೇಕು ಎಂದುಕೊಂಡು ಮಾನಕ್ಕಂಜಿ ಮನೆಗಳು ಸುಮ್ಮನಾದದ್ದು ಅವನಿಗೆ ಸಿಕ್ಕ ರಕ್ಷಣೆ. ದಯೆಯಿಲ್ಲದವನು ಸಮಾಜದ ದುರ್ಬಲ ಸ್ಥಾನವನ್ನು ನೋಡಿಯೇ ಹೊಡೆಯುತ್ತಾನೆ. ಚರಕರು ಹೇಳಿದ್ದೂ ಅದನ್ನೇ.

ಕಾನೂನಿನ ದೃಷ್ಟಿಯನ್ನೂ ಹೇಳಬೇಕು. ಮಾಡುತ್ತಿರುವ ಕೃತ್ಯವೇನೆಂದೇ ಅರಿಯದಷ್ಟು, ಅದು ತಪ್ಪೆಂದು ತಿಳಿಯದಷ್ಟು ಬುದ್ಧಿ ಕೆಟ್ಟವನಿಗೆ ಮಾತ್ರ ಕಾನೂನಿನಲ್ಲಿ ವಿನಾಯಿತಿಯಿದೆ. ಹಿಂದೆ ಭಾರತೀಯ ದಂಡ ಸಂಹಿತೆಯ 84ನೆಯ ಕಲಮು ಹೇಳುತ್ತಿದ್ದ ಈ ಮಾತನ್ನು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮು ಹೇಳುತ್ತದೆ. ಸಮಾಜವಿರೋಧಿ ವ್ಯಕ್ತಿತ್ವದವನು ತಪ್ಪನ್ನು ಅರಿತೇ ಮಾಡುವನಾದ್ದರಿಂದ ಅವನ ಹೊಣೆಗಾರಿಕೆ ತಪ್ಪುವುದಿಲ್ಲ. ಅದೇ ಹೊತ್ತಿಗೆ, ಅಪರಾಧಿಯೂ ಮನುಷ್ಯನೇ ಎಂಬುದನ್ನು ನ್ಯಾಯಾಲಯ ಮರೆಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಮೂಲದವನೂ ಹಿಂದೆ ಪೊಲೀಸ್ ಕೆಲಸದಲ್ಲಿದ್ದವನೂ ಆದ ಉಮೇಶ್ ರೆಡ್ಡಿಗೆ, ಬೆಂಗಳೂರಿನಲ್ಲಿ 1998ರಲ್ಲಿ ನಡೆದ ಅತ್ಯಾಚಾರ ಮತ್ತು ಕೊಲೆಗಾಗಿ ಮರಣದಂಡನೆಯಾಗಿತ್ತು. ಬೆಳಗಾವಿಯ ಹಿಂಡಲಗಾ ಸೆರೆಮನೆಯಲ್ಲಿ ಅವನನ್ನು ಸುಮಾರು ಹತ್ತು ವರ್ಷ ಕಾನೂನುಬಾಹಿರವಾಗಿ ಏಕಾಂತದಲ್ಲಿ ಇಟ್ಟದ್ದನ್ನು ಗಮನಿಸಿದ ಸುಪ್ರೀಂ ಕೋರ್ಟ್, 2022ರ ನವೆಂಬರಿನಲ್ಲಿ ಆ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿ, ಕನಿಷ್ಠ ಮೂವತ್ತು ವರ್ಷ ಸೆರೆವಾಸ ಅನುಭವಿಸಬೇಕೆಂದಿತು. ಸಮಾಜವನ್ನು ಕಾಪಾಡುವುದು ಬೇರೆ, ಕ್ರೌರ್ಯಕ್ಕೆ ಕ್ರೌರ್ಯವನ್ನು ಕೂಡಿಸುವುದು ಬೇರೆ.

ಕಾರಣಗಳು

ಬೀಜ ಮತ್ತು ಕ್ಷೇತ್ರ ಎರಡೂ ಕಾರಣ. ಅವಳಿ ಮಕ್ಕಳ ಮತ್ತು ದತ್ತು ಮಕ್ಕಳ ಅಧ್ಯಯನಗಳಿಂದ, ಈ ಪ್ರವೃತ್ತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾಲು ಅನುವಂಶೀಯವೆಂದು ತಿಳಿದುಬಂದಿದೆ. ಭಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಮಿದುಳಿನ ಭಾಗ, ವಿವೇಚನೆಗೂ ಸಂಯಮಕ್ಕೂ ಆಧಾರವಾದ ಮುಮ್ಮಿದುಳು ಇಂಥ ಹಲವರಲ್ಲಿ ಚುರುಕಾಗಿರುವುದಿಲ್ಲ. ಇನ್ನೊಬ್ಬರ ಮುಖದಲ್ಲಿನ ಭಯ ಅವರಿಗೆ ಬೇಗ ತಿಳಿಯುವುದಿಲ್ಲ.

ಆದರೆ ಬೀಜವೇ ವಿಧಿಯಲ್ಲ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಅಂದಿನಿಂದಲೂ ಗಮನಿಸುತ್ತ ಬಂದಿದ್ದಾರೆ. 2002ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಂದು ನಿರ್ದಿಷ್ಟ ಜೀನ್ ಮಂದವಾಗಿದ್ದ ಹುಡುಗರಲ್ಲಿ, ಎಳವೆಯಲ್ಲಿ ಹೊಡೆತ ಬಡಿತ ತಿರಸ್ಕಾರಗಳನ್ನು ಉಂಡವರೇ ಹೆಚ್ಚಾಗಿ ಹಿಂಸಾಪ್ರವೃತ್ತಿಯವರಾದರು. ಅದೇ ಜೀನ್ ಇದ್ದರೂ ಪ್ರೀತಿಯಲ್ಲಿ ಬೆಳೆದವರಿಗೆ ಆ ಗತಿ ಬರಲಿಲ್ಲ.

ಆಹಾರಕ್ಕೂ ಇದಕ್ಕೂ ಸಂಬಂಧವುಂಟೆಂಬುದು ಆಯುರ್ವೇದದವರಾದ ನಮಗೆ ಹೆಚ್ಚು ಹಿಡಿಸಿದ ಸಂಗತಿ. ಮಾರಿಷಸ್ ದ್ವೀಪದಲ್ಲಿ 1970ರ ದಶಕದಲ್ಲಿ, ಮೂರರಿಂದ ಐದು ವರ್ಷದ ಕೆಲವು ಮಕ್ಕಳಿಗೆ ಪೌಷ್ಟಿಕ ಆಹಾರ, ಆಟ, ಒಳ್ಳೆಯ ಶಿಶುವಿಹಾರಗಳನ್ನು ಒದಗಿಸಿದರು. ಅವರು ಹದಿನೇಳು ಮತ್ತು ಇಪ್ಪತ್ತಮೂರನೆಯ ವಯಸ್ಸಿಗೆ ಬಂದಾಗ, ಉಳಿದವರಿಗಿಂತ ದುರ್ನಡತೆ ಕಡಿಮೆಯಿತ್ತು. ಮೊದಲು ಅಪೌಷ್ಟಿಕತೆಯಿಂದ ಬಳಲಿದ್ದ ಮಕ್ಕಳಿಗೆ ಹೆಚ್ಚಿನ ಲಾಭವಾಗಿತ್ತು. ನಮ್ಮ ಅಂಗನವಾಡಿಗಳ ಮೊಟ್ಟೆ, ಹಾಲು, ಬೇಳೆಗಳು ಮೈಯನ್ನಷ್ಟೇ ಅಲ್ಲದೆ ಶೀಲವನ್ನೂ ಪೋಷಿಸುತ್ತವೆಂದು ಭಾವಿಸಲು ಇದರಿಂದ ಆಧಾರ ಸಿಗುತ್ತದೆ. ಹಾಗೆಯೇ ಸೀಸದ ವಿಷ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಯಾರೋ ಕೊಟ್ಟ, ಪರವಾನಗಿ ಇಲ್ಲದ ಭಸ್ಮಗಳನ್ನು ಮಕ್ಕಳಿಗೆ ತಿನ್ನಿಸಬೇಡಿ ಎಂದು ಆಯುರ್ವೇದ ವೈದ್ಯರಾಗಿಯೇ ಕೈಮುಗಿದು ಕೇಳಿಕೊಳ್ಳುತ್ತೇವೆ.

ಇವುಗಳಿಗೆಲ್ಲ ತುಪ್ಪ ಸುರಿಯುವುದು ಮದ್ಯ ಮತ್ತು ಗಾಂಜಾ. ಸಂಯಮ ಮೊದಲೇ ದುರ್ಬಲವಾಗಿರುವವನಲ್ಲಿ ಉಳಿದಷ್ಟು ತಡೆಯನ್ನೂ ಮದ್ಯ ಕಿತ್ತೊಗೆಯುತ್ತದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಗೆ ಬಿದ್ದ ಒಂದೊಂದು ಚಟದೊಡನೆ ಎಷ್ಟು ಹೆಂಗಸರ ಮೇಲಿನ ಹೊಡೆತಗಳೂ ಬಿದ್ದುಹೋದವೆಂಬುದನ್ನು ಆ ಮನೆಗಳೇ ಹೇಳಬೇಕು.

ಹದಿನೈದರೊಳಗಿನ ಕಾಲ

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನು. ಬೆಳೆದು ಗಟ್ಟಿಯಾದ ವ್ಯಕ್ತಿತ್ವದಲ್ಲಿ ದಯೆಯನ್ನು ಹುಟ್ಟಿಸುವ ಗುಳಿಗೆ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ. 2009ರಲ್ಲಿ ಬ್ರಿಟನ್ ಪ್ರಕಟಿಸಿದ ಚಿಕಿತ್ಸಾಸೂತ್ರಗಳೂ ಈ ದೋಷಕ್ಕೆಂದೇ ವಾಡಿಕೆಯಾಗಿ ಔಷಧ ಕೊಡಬಾರದೆಂದು ಹೇಳುತ್ತವೆ. ನಮ್ಮ ಬ್ರಾಹ್ಮೀ, ಶಂಖಪುಷ್ಪೀ, ಜಟಾಮಾಂಸಿಗಳು ನಿದ್ರೆಗೆ, ಉದ್ವೇಗಕ್ಕೆ ಸಹಾಯ ಮಾಡಬಹುದು. ಅವು ಅನುಕಂಪೆಯನ್ನು ತಂದುಕೊಡುತ್ತವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ವಯಸ್ಕರಲ್ಲಿ ಮದ್ಯಪಾನ, ಖಿನ್ನತೆಗಳಿಗೆ ಚಿಕಿತ್ಸೆ ಕೊಡಬಹುದು, ಗುಂಪು ಸಮಾಲೋಚನೆ ನಡೆಸಬಹುದು. ನಲವತ್ತು ದಾಟಿದ ಮೇಲೆ ಕೆಲವರ ಹಿಂಸೆ ತಾನಾಗಿ ತಗ್ಗುವುದೂ ಉಂಟು.

ಆದರೆ ಮಕ್ಕಳ ವಿಷಯದಲ್ಲಿ ಚಿತ್ರ ಹೆಚ್ಚು ಆಶಾದಾಯಕ. ಅಮೆರಿಕದ ಲೀ ರಾಬಿನ್ಸ್ ಎಂಬ ವಿದುಷಿ, ಮಕ್ಕಳ ಚಿಕಿತ್ಸಾಲಯವೊಂದಕ್ಕೆ ಬಂದಿದ್ದ 524 ಮಕ್ಕಳನ್ನು ಮೂವತ್ತು ವರ್ಷಗಳ ಅನಂತರ ಹುಡುಕಿ ಪರೀಕ್ಷಿಸಿ 1966ರಲ್ಲಿ ವರದಿ ಬರೆದರು. ದೊಡ್ಡವರಾದ ಮೇಲೆ ಸಮಾಜವಿರೋಧಿಗಳಾದ ಬಹುತೇಕ ಎಲ್ಲರೂ ಎಳವೆಯಲ್ಲಿಯೂ ಹಾಗೆಯೇ ಇದ್ದರು. ಆದರೆ ಎಳವೆಯಲ್ಲಿ ಹಾಗಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದೊಡ್ಡವರಾದಾಗ ಹಾಗಾಗಲಿಲ್ಲ. ಈ ಎರಡನೆಯ ವಾಕ್ಯದಲ್ಲಿ ತಾಯಂದಿರ ಎಲ್ಲ ಭರವಸೆಯೂ ಅಡಗಿದೆ. ಹದಿನೈದರೊಳಗೆ ಬಾಗಿಲು ಇನ್ನೂ ತೆರೆದಿರುತ್ತದೆ.

ಪ್ರಾಣಿಗಳನ್ನು ಹಿಂಸಿಸಿ ಸಂತೋಷಪಡುವುದು, ತನಗಿಂತ ಚಿಕ್ಕವರನ್ನು ಮತ್ತೆಮತ್ತೆ ಹೊಡೆಯುವುದು, ಬೆಂಕಿಯಿಡುವುದು, ಕದಿಯುವುದು, ರಾತ್ರಿ ಮನೆಗೆ ಬಾರದಿರುವುದು, ಶಾಲೆ ತಪ್ಪಿಸುವುದು, ಸಿಕ್ಕಿಬಿದ್ದಾಗಲೂ ನಾಚಿಕೆಪಡದಿರುವುದು. ಇವುಗಳಲ್ಲಿ ಹಲವು ಒಟ್ಟಿಗೆ, ತಿಂಗಳುಗಟ್ಟಲೆ ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಬೇಕು. ಮನೆಯವರು ಪಾಲಿಸಬೇಕಾದ ಕೆಲವು ಸೂತ್ರಗಳನ್ನು ಕೆಳಗೆ ಕೊಟ್ಟಿದ್ದೇವೆ.

ಹೊಡೆಯಬೇಡಿ. ಹೊಡೆತ ತಿಂದ ಮಗು ಕಲಿಯುವ ಪಾಠ, ಬಲವಿದ್ದವನು ಹೊಡೆಯಬಹುದು ಎಂಬುದು. ಹಾಗೆಂದು ತಪ್ಪನ್ನು ಬಿಡಲೂಬೇಡಿ. ನಿಯಮ ನಾಲ್ಕೇ ಇರಲಿ, ದಿನವೂ ಒಂದೇ ಆಗಿರಲಿ, ಅಪ್ಪನದು ಒಂದು ಅಜ್ಜಿಯದು ಒಂದು ಆಗದಿರಲಿ.

ಒಳ್ಳೆಯ ನಡತೆಯನ್ನು ಕಂಡೊಡನೆ ಮೆಚ್ಚಿ. ದಯೆಯಿಲ್ಲದ ಮಗು ಶಿಕ್ಷೆಗೆ ಅಷ್ಟಾಗಿ ಅಂಜದು. ಮೆಚ್ಚುಗೆಗೆ, ಬಹುಮಾನಕ್ಕೆ ಒಲಿಯುತ್ತದೆ.

ಮುಚ್ಚಿಡಬೇಡಿ. ಮಗನ ಕಳವನ್ನು ತಾಯಿ ತುಂಬಿಕೊಟ್ಟು, ತಂದೆ ಪ್ರಭಾವ ಬಳಸಿ ದೂರು ಹಿಂತೆಗೆಸಿ, ಪರಿಣಾಮವೇ ಇಲ್ಲದ ಲೋಕವೊಂದನ್ನು ಅವನಿಗೆ ಕಟ್ಟಿಕೊಡುವುದು ಕುಲಗೌರವದ ರಕ್ಷಣೆಯಲ್ಲ.

ಜೀವವೊಂದರ ಆರೈಕೆಯನ್ನು ನಿಮ್ಮ ಕಣ್ಣೆದುರಿನಲ್ಲಿಯೇ ಕಲಿಸಿ. ಗಿಡಕ್ಕೆ ನೀರು, ಅಜ್ಜನಿಗೆ ಔಷಧ, ದಾಸೋಹದಲ್ಲಿ ಬಡಿಸುವ ಸೇವೆ.

ಕೊನೆಯದಾಗಿ, "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬ ಮಾತನ್ನು ದಯವಿಟ್ಟು ಬಿಡಿ. ಹಿಂಸಾಪ್ರವೃತ್ತಿಯ ಮಗನನ್ನು ತಿದ್ದಲು ಪರರ ಮಗಳನ್ನು ತಂದು ಒಪ್ಪಿಸುವುದು ಯಾವ ಶರಣಧರ್ಮಕ್ಕೂ ಸಮ್ಮತವಲ್ಲ. ಅವಳು ಔಷಧವಲ್ಲ.

ಈಗಾಗಲೇ ಹಿಂಸೆ ಅನುಭವಿಸುತ್ತಿರುವವರಿಗೆ

ತಾಯಿಯಾಗಿರಲಿ, ಹೆಂಡತಿಯಾಗಿರಲಿ, ಸಹಿಸುವುದರಿಂದ ಅವನು ಬದಲಾಗುವುದಿಲ್ಲ. 2005ರ ಕೌಟುಂಬಿಕ ಹಿಂಸೆಯ ವಿರುದ್ಧದ ಕಾಯಿದೆಯಡಿ ಹೆಂಡತಿಯಂತೆ ತಾಯಿಗೂ ಮಗನ ಹಿಂಸೆಯಿಂದ ರಕ್ಷಣೆ ಕೇಳುವ ಹಕ್ಕುಂಟು. 2007ರ ಹಿರಿಯ ನಾಗರಿಕರ ಕಾಯಿದೆಯೂ ಇದೆ. ಪ್ರಾಣಭಯವಿದ್ದಾಗ 112, ಮಹಿಳೆಯರಿಗೆ 181, ಮಕ್ಕಳಿಗೆ 1098 ಸಂಖ್ಯೆಗಳು ಹಗಲಿರುಳೂ ದೊರೆಯುತ್ತವೆ. ಮಾನಸಿಕ ಸಮಸ್ಯೆಗಳ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಅದಕ್ಕೆ ಶುಲ್ಕವಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ನಮ್ಮ ಊರಿನವರೇ ಆಗಿದ್ದ ದಿವಂಗತ ಡಾ. ಅಶೋಕ್ ಪೈ ಅವರು ಲೇಖನ, ಭಾಷಣ, ಚಲನಚಿತ್ರಗಳ ಮೂಲಕ ಮನೋವೈದ್ಯರಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲವೆಂದು ಮಲೆನಾಡಿಗೆ ದಶಕಗಳ ಕಾಲ ಹೇಳುತ್ತ ಬಂದರು. ಆ ಮಾತನ್ನು ನಾವು ಉಳಿಸಿಕೊಳ್ಳಬೇಕು.

ಉಪಸಂಹಾರ

ಕಳ್ಳನಾಗಿದ್ದ ಪೆದ್ದಿಯು ಉರಿಲಿಂಗದೇವರ ಸನ್ನಿಧಿಯಲ್ಲಿ ಮನಕರಗಿ ಉರಿಲಿಂಗಪೆದ್ದಿಯಾದ ಕಥೆಯನ್ನು ಸದ್ಭಕ್ತರು ಕೇಳಿ ಬಲ್ಲರು. ಕನ್ನ ಹಾಕಲು ಹೋದವನು ಅಲ್ಲಿ ನಡೆಯುತ್ತಿದ್ದ ದೀಕ್ಷೆಯನ್ನು ಕಂಡು ಬೆರಗಾಗಿ ನಿಂತ. ಬೆರಗಾಗುವ ಶಕ್ತಿ ಅವನಲ್ಲಿ ಉಳಿದಿತ್ತು. ಆ ಶಕ್ತಿ ಎಳೆಯ ಮಕ್ಕಳಲ್ಲಿ ಬತ್ತದಂತೆ ಕಾಪಾಡುವುದೇ ಈ ರೋಗಕ್ಕೆ ನಾವು ಬಲ್ಲ ನಿಜವಾದ ಚಿಕಿತ್ಸೆ.

ಆರೇಳು ವರ್ಷಗಳ ಹಿಂದೆ ಇನ್ನೊಬ್ಬ ತಾಯಿ ಇನ್ನೊಬ್ಬ ಹುಡುಗನನ್ನು ನಮ್ಮಲ್ಲಿಗೆ ಕರೆತಂದರು. ಅದೇ ಮಾತು, ಪಿತ್ತ, ತಲೆ ಕಾವು, ಸಿಟ್ಟು. ತಂಗಿಯ ಕೈಗೆ ಬಿಸಿ ಸೌಟು ತಾಗಿಸಿದ್ದ. ಈ ಬಾರಿ ನಾವು ತೈಲ ಬರೆಯಲಿಲ್ಲ. ಒಂದು ಗಂಟೆ ಕುಳಿತು ಕೇಳಿದೆವು. ತಂದೆ ಕುಡಿದು ಬಂದು ಹುಡುಗನನ್ನು ಬೆಲ್ಟಿನಿಂದ ಹೊಡೆಯುತ್ತಿದ್ದ ವಿಷಯ ಹೊರಬಂತು. ಅಂದೇ ಮನೋವೈದ್ಯರಿಗೆ ಪತ್ರ ಬರೆದು ಕಳುಹಿಸಿ, ತಂದೆಯನ್ನೂ ಕರೆಸಿ ಮಾತನಾಡಿ, ಚಟ ಬಿಡಿಸುವ ಚಿಕಿತ್ಸೆಗೆ ಸೇರಿಸಿದೆವು. ದಾರಿ ನೇರವಾಗಿರಲಿಲ್ಲ. ಎರಡು ಬಾರಿ ತಂದೆ ಮತ್ತೆ ಕುಡಿದರು. ಹುಡುಗ ಒಮ್ಮೆ ಶಾಲೆಯಿಂದ ಹೊರಬಿದ್ದ. ಈಗ ಅವನು ಕಾಲೇಜು ಓದುತ್ತಿದ್ದಾನೆ. ಮುಂದೆ ಏನಾಗುವನೋ ನಾವು ಬಲ್ಲೆವೆನ್ನಲಾರೆವು. ಕಳೆದ ಶ್ರಾವಣದಲ್ಲಿ ಜ್ವರದಿಂದ ಬಳಲುತ್ತಿದ್ದ ತಂಗಿಯನ್ನು ಬೆನ್ನ ಮೇಲೆ ಹೊತ್ತು ನಮ್ಮ ಮೆಟ್ಟಿಲೇರಿ ಬಂದಿದ್ದ. "ಡಾಕ್ಟ್ರೇ, ಇವಳಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ" ಎಂದ. ಅವನ ಕಣ್ಣುಗಳೂ ನಿದ್ದೆಗೆಟ್ಟಿದ್ದವು.

ಭದ್ರಾವತಿಯ ಆ ತಾಯಿಗೆ ಅಂದು ಹೇಳಬೇಕಾಗಿದ್ದ ಮಾತುಗಳನ್ನು ಇಂದು ಎಲ್ಲ ತಾಯಂದಿರಿಗೂ ಬರೆದಿದ್ದೇವೆ. ತಾನಾಗಿ ಸರಿಹೋಗುತ್ತಾನೆಂದು ಕಾಯಬೇಡಿರಿ. ಬೇಗನೆ ಬನ್ನಿರಿ.